ವೆಬ್ ಆ್ಯಪ್‌ನಲ್ಲಿ ಒಂದು ಬೋಲ್ಡ್ ಬಟನ್ನಿಗೆ ಎಷ್ಟು ತೆರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ನಾಲ್ವರು ಸೇರಿ ನಡೆಸುವ ಆ್ಯಪ್ ದೊಡ್ಡದೇನಲ್ಲ. ಕೆಲವರು ಕನ್ನಡದಲ್ಲಿ ಕಥೆ, ಅಡುಗೆ, ಪ್ರವಾಸ ಬರೆಯುತ್ತಾರೆ; ಅದರ ಎಷ್ಟೋ ಪಟ್ಟು ಜನ ಮೊಬೈಲಿನಲ್ಲಿ ಓದುತ್ತಾರೆ. ಬಹಳ ದಿನ ಬರೀ ಟೆಕ್ಸ್ಟ್ ಬಾಕ್ಸ್ ಒಂದೇ ಇತ್ತು. ಫಾರ್ಮ್ಯಾಟಿಂಗ್ ಸೇರಿಸಿದ ಮೇಲೆ ಏನು ಕೆಟ್ಟಿತು, ಹೇಗೆ ಸರಿಮಾಡಿಕೊಂಡಿರಿ ಎಂದು ಬೇರೆ ಡೆವಲಪರ್‌ಗಳು ಪತ್ರದಲ್ಲಿ, ಫೋನಿನಲ್ಲಿ, ಕಾಫಿ ಕುಡಿಯುವಾಗ ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳನ್ನು ಕೇಳಿದವರ ಧಾಟಿಯಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ.

## ಮೊದಮೊದಲು ಕೇಳುವವು

ಬರೀ ಬೋಲ್ಡು, ಇಟಾಲಿಕ್ಕು, ಒಂದು ಪಟ್ಟಿ, ಇಷ್ಟೇ ಬೇಕು. ಇದಕ್ಕೂ ಪರ್ಫಾರ್ಮೆನ್ಸ್ ಲೆಕ್ಕ ಹಾಕ್ಬೇಕಾ?

ಬೋಲ್ಡ್ ಟ್ಯಾಗ್‌ಗೆ ತೂಕವೇ ಇಲ್ಲ. ಬ್ರೌಸರ್‌ಗಳು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ ಅದು. ಖರ್ಚು ಬೀಳುವುದು ಆ ಟ್ಯಾಗ್ ಹುಟ್ಟುವ ದಾರಿಯಲ್ಲಿ: ಎಡಿಟರ್ ಇಳಿಯಬೇಕು, ಪ್ರತಿ ಕೀ ಒತ್ತಿದಾಗಲೂ ಅದು ಏನೋ ಲೆಕ್ಕ ಮಾಡಬೇಕು, ಸರ್ವರ್ ಅದನ್ನು ಬ್ರೌಸರಿಗೆ ಅರ್ಥವಾಗುವ ಎಚ್‌ಟಿಎಂಎಲ್‌ಗೆ ಪರಿವರ್ತಿಸಿ ಶುಚಿ ಮಾಡಬೇಕು (ಒಳಗೆ ಅಡಗಿದ ಅಪಾಯದ ಕೋಡ್ ತೆಗೆಯಬೇಕು), ಓದುವವರ ಫೋನ್ ಅದನ್ನು ಹರಡಿ ತೋರಿಸಬೇಕು. ಈ ನಾಲ್ಕರಲ್ಲಿ ಯಾವ ಕೆಲಸ ದಿನಕ್ಕೆ ಎಷ್ಟು ಸಲ ನಡೆಯುತ್ತದೆ ಎಂದು ಮೊದಲು ಬರೆದುಕೊಳ್ಳಿ. ನಮ್ಮಂಥ ಕಡೆ ಒಂದು ಬರಹವನ್ನು ಒಬ್ಬರು ಒಮ್ಮೆ ಬರೆದರೆ ಸಾವಿರ ಜನ ಓದುತ್ತಾರೆ. ಆಫೀಸಿನೊಳಗಿನ ಟಿಪ್ಪಣಿ ಆ್ಯಪ್ ಆದರೆ ಬರೆದವರೇ ಓದುವವರು. ಎರಡಕ್ಕೂ ಒಂದೇ ಉತ್ತರ ಹೊಂದುವುದಿಲ್ಲ. ಕೆಳಗಿನ ಹೆಚ್ಚಿನ ಮಾತೆಲ್ಲ ಮೊದಲನೆಯ ಬಗೆಯ ಆ್ಯಪ್‌ಗೆ.

ಮಾರ್ಕ್‌ಡೌನ್ ಹಾಕೋದಾ, ಇಲ್ಲಾ ವರ್ಡ್ ತರಹದ ಎಡಿಟರ್ ಹಾಕೋದಾ?

ಮಾರ್ಕ್‌ಡೌನ್ ಎಂದರೆ ಪದದ ಸುತ್ತ ನಕ್ಷತ್ರದಂತಹ ಚಿಹ್ನೆ ಹಾಕಿ ಬೋಲ್ಡು, ಇಟಾಲಿಕ್ಕು ಸೂಚಿಸುವ ಪದ್ಧತಿ. ತೂಕ ಮಾತ್ರ ನೋಡಿದರೆ ಅದು ಸಲೀಸಾಗಿ ಗೆಲ್ಲುತ್ತದೆ. 2004ರಲ್ಲಿ ಜಾನ್ ಗ್ರೂಬರ್ ಅದನ್ನು ಹೊರತಂದದ್ದೇ ಹಾಗೆ: ಮೂಲ ಬರಹ ಸಾದಾ ಅಕ್ಷರ, ಬರೆಯಲು ಸಾದಾ ಟೆಕ್ಸ್ಟ್ ಬಾಕ್ಸ್ ಸಾಕು, ಪರಿವರ್ತನೆಯನ್ನು ಸರ್ವರ್‌ಗೆ ಬಿಡಬಹುದು. ವರ್ಡ್ ತರಹದ ಎಡಿಟರ್‌ಗಳು ನಿಂತಿರುವುದು ಕಂಟೆಂಟ್‌ಎಡಿಟೆಬಲ್ ಎಂಬ, ಪುಟದ ಒಂದು ಭಾಗವನ್ನು ಅಲ್ಲೇ ತಿದ್ದಲು ಬಿಡುವ ಬ್ರೌಸರ್ ಸೌಲಭ್ಯದ ಮೇಲೆ. ಅದು 2000ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5.5ರಿಂದ ಬಂದದ್ದು, ಒಂದೊಂದು ಬ್ರೌಸರ್ ಒಂದೊಂದು ಬಗೆಯಲ್ಲಿ ನಡೆದುಕೊಳ್ಳುತ್ತದೆ. ಪ್ರೋಸ್‌ಮಿರರ್, ಕ್ವಿಲ್, ಲೆಕ್ಸಿಕಲ್ ಮುಂತಾದ ಎಡಿಟರ್ ಲೈಬ್ರರಿಗಳ (ಸಿದ್ಧ ಕೋಡ್ ಕಂತೆಗಳ) ತೂಕದ ಒಂದು ಪಾಲು ಈ ವ್ಯತ್ಯಾಸಗಳನ್ನು ಸಮ ಮಾಡುವುದಕ್ಕೇ ಹೋಗುತ್ತದೆ.

ಆದರೆ ನಮ್ಮ ಬರಹಗಾರರಲ್ಲಿ ನಿವೃತ್ತ ಮೇಷ್ಟ್ರುಗಳಿದ್ದಾರೆ, ಅಡುಗೆ ಬರೆಯುವ ಅಜ್ಜಿಯರಿದ್ದಾರೆ. ಫೋನಿನ ಕನ್ನಡ ಕೀಲಿಮಣೆಯಲ್ಲಿ ನಕ್ಷತ್ರದ ಚಿಹ್ನೆ ಹುಡುಕಲು ಬೇರೆ ಪುಟಕ್ಕೆ ಹೋಗಬೇಕು. ಇನ್ನೊಂದು ತೊಡಕು ನಮ್ಮ ವಿಭಕ್ತಿಯದು. ‘ಮನೆ’ಗೆ ನಕ್ಷತ್ರ ಸುತ್ತಿ ‘ಯಲ್ಲಿ’ ಅಂಟಿಸಿದರೆ ಮಾರ್ಕ್‌ಡೌನ್‌ನ ಕಾಮನ್‌ಮಾರ್ಕ್ ಎಂಬ ನಿಯಮಾವಳಿ ಒಪ್ಪುತ್ತದೆ. ನಕ್ಷತ್ರದ ಬದಲು ಅಡಿಗೆರೆ ಬಳಸಿದರೆ ಒಪ್ಪುವುದಿಲ್ಲ. ನಕ್ಷತ್ರದ ಒಳಗೆ ಉದ್ಧರಣ ಚಿಹ್ನೆಯೂ ಇದ್ದು ಹೊರಗೆ ಪ್ರತ್ಯಯ ಅಂಟಿದ್ದರೆ ಬೋಲ್ಡ್ ಆಗದೆ ನಕ್ಷತ್ರಗಳೇ ಪುಟದಲ್ಲಿ ಕಾಣುತ್ತವೆ. ಅಜ್ಜಿಗೆ ಇದನ್ನು ವಿವರಿಸುವುದು ಸಾಧ್ಯವಿಲ್ಲ, ವಿವರಿಸಲೂಬಾರದು. ಕೊನೆಗೆ ನಾವು ಹಿಡಿದದ್ದು ನಡುವಿನ ದಾರಿ: ಐದೇ ಬಟನ್ನುಗಳ ಚಿಕ್ಕ ಎಡಿಟರ್.

ಸರ್, ಎಡಿಟರ್ ಲೈಬ್ರರಿ ಎಷ್ಟು ಕೆಬಿ ಇದ್ರೆ ಜಾಸ್ತಿ ಅಂತ ಹೇಳ್ಬೋದು?

ಓದಲು ಬಂದವರಿಗೆ ಒಂದು ಕೆಬಿಯೂ ಜಾಸ್ತಿಯೇ, ಅವರಿಗೆ ಎಡಿಟರ್ ಬೇಕಿಲ್ಲವಲ್ಲ. ‘ಬರೆಯಿರಿ’ ಬಟನ್ ಒತ್ತಿದವರಿಗೆ ಮಾತ್ರ ಇಳಿಯುವಂತೆ ಡೈನಮಿಕ್ ಇಂಪೋರ್ಟ್ ಮಾಡಿ. ಅರ್ಧ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಬರೆಯುವವರ ವಿಷಯಕ್ಕೆ ಬಂದರೆ ಇಳಿಯುವ ಹೊತ್ತಿಗಿಂತ ಫೋನ್ ಆ ಜಾವಾಸ್ಕ್ರಿಪ್ಟನ್ನು ಓದಿ ಓಡಿಸುವ ಹೊತ್ತೇ ಕಾಡುತ್ತದೆ. ಸಾಗಿಸಲೆಂದು ಜಿಜಿಪ್‌ನಿಂದ ಹಿಂಡಿದ ಮೇಲಿನ ಕೆಬಿ ನೋಡಿ ಸಮಾಧಾನ ಪಡಬೇಡಿ. ಫೋನ್ ಜಗಿಯುವುದು ಬಿಚ್ಚಿದ ಮೇಲಿನ ಗಾತ್ರವನ್ನು.

ನಮ್ಮಲ್ಲಿ ಮೊದಲು ಸಾದಾ ಬಾಕ್ಸ್ ಬರುತ್ತದೆ, ಹಿಂದೆಯೇ ಎಡಿಟರ್ ಬಂದು ಅದರ ಜಾಗದಲ್ಲಿ ಕೂರುತ್ತದೆ. ಈ ತಂತ್ರ ಅನುಸರಿಸುವವರು ಎರಡು ವಿಷಯ ನೆನಪಿಡಿ. ಬಾಕ್ಸಿಗೂ ಎಡಿಟರಿಗೂ ಒಂದೇ ಎತ್ತರ ಕೊಡಿ, ಇಲ್ಲದಿದ್ದರೆ ಪುಟ ಜಿಗಿಯುತ್ತದೆ. ಮತ್ತು ಆ ಒಂದೆರಡು ಸೆಕೆಂಡಿನಲ್ಲಿ ಅವಸರದವರು ಟೈಪ್ ಮಾಡಿಬಿಟ್ಟ ಅರ್ಧ ಸಾಲನ್ನು ಹೊಸ ಎಡಿಟರಿಗೆ ದಾಟಿಸಿ. ನಾವು ಮೊದಲ ವಾರ ಅದನ್ನು ಮರೆತು ಬೈಸಿಕೊಂಡಿದ್ದೇವೆ.

## ಕೈ ಹಾಕಿದ ಮೇಲೆ ಕೇಳುವವು

ಎಚ್‌ಟಿಎಂಎಲ್‌ಗೆ ಕನ್ವರ್ಟ್ ಮಾಡೋದು ಸೇವ್ ಆದಾಗಲಾ, ಓದೋಕೆ ಬಂದಾಗಲಾ?

ಸೇವ್ ಆದಾಗ. ಒಂದು ಉದ್ದನೆಯ ಕಥೆಯನ್ನು ಪರಿವರ್ತಿಸಿ ಶುಚಿ ಮಾಡಲು 8 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 50,000 ಜನ ಓದಿದರೆ, ಓದಿದಾಗಲೆಲ್ಲ ಮಾಡುವ ದಾರಿಯಲ್ಲಿ ಸರ್ವರ್ 400 ಸೆಕೆಂಡ್ ದುಡಿಯುತ್ತದೆ. ಸೇವ್ ಮಾಡುವಾಗಲೇ ಮುಗಿಸಿದರೆ ಅದೇ 8 ಮಿಲಿಸೆಕೆಂಡ್. ಪರಿವರ್ತನೆಯನ್ನು ಓದುಗರ ಬ್ರೌಸರಿಗೆ ಹೊರಿಸಿದರೆ ಸರ್ವರ್ ಬಿಲ್ಲು ಉಳಿಯುತ್ತದೆ, ಆದರೆ ಆ ದುಡಿಮೆ ಐವತ್ತು ಸಾವಿರ ಫೋನುಗಳ ಬ್ಯಾಟರಿಗೆ ಬೀಳುತ್ತದೆ. ಜೊತೆಗೆ ಅಷ್ಟೂ ಜನ ಆ ಲೈಬ್ರರಿಯನ್ನು ಇಳಿಸಿಕೊಳ್ಳಬೇಕು.

ಹಾಗೆಂದು ಎಚ್‌ಟಿಎಂಎಲ್ ಒಂದನ್ನೇ ಇಟ್ಟುಕೊಂಡು ಮೂಲವನ್ನು ಎಸೆಯಬೇಡಿ. ನಾಳೆ ಬರಹಗಾರರು ತಿದ್ದಲು ಬಂದಾಗ, ನೀವು ಲೈಬ್ರರಿ ಬದಲಿಸಿದಾಗ, ಶುಚಿ ಮಾಡುವ ನಿಯಮದಲ್ಲಿ ತೂತು ಸಿಕ್ಕಾಗ ಮೂಲ ಬೇಕೇ ಬೇಕು. ನಮ್ಮ ಟೇಬಲ್‌ನಲ್ಲಿ ಮೂರು ಕಾಲಂ: ಮೂಲ, ಎಚ್‌ಟಿಎಂಎಲ್, ಮತ್ತು ಯಾವ ಆವೃತ್ತಿಯ ನಿಯಮದಿಂದ ಆ ಎಚ್‌ಟಿಎಂಎಲ್ ತಯಾರಾಯಿತು ಎಂಬ ಒಂದು ಅಂಕಿ. ನಿಯಮ ಬದಲಾದಾಗ ಆ ಅಂಕಿಯನ್ನು ಏರಿಸುತ್ತೇವೆ. ಹಳೆಯ ಅಂಕಿ ಇರುವ ಬರಹ ಯಾರಾದರೂ ತೆರೆದಾಗ ಹೊಸದಾಗಿ ತಯಾರಾಗಿ ಉಳಿಯುತ್ತದೆ. ಯಾರೂ ತೆರೆಯದ ಬರಹಕ್ಕೆ ಖರ್ಚೇ ಇಲ್ಲ.

ಇದು ನಮ್ಮ ಕಂಡುಹಿಡಿತವಲ್ಲ. ವಿಕಿಪೀಡಿಯ ಓಡುವ ಮೀಡಿಯಾವಿಕಿಯಲ್ಲಿ ಪಾರ್ಸರ್ ಕ್ಯಾಶ್ (ಒಮ್ಮೆ ತಯಾರಾದ ಪುಟವನ್ನು ಉಳಿಸಿಡುವ ಜಾಗ) ಎಂಬುದು ಇದೇ ಕೆಲಸ ಮಾಡುತ್ತದೆ. ಟೆಂಪ್ಲೇಟಿನೊಳಗೆ ಟೆಂಪ್ಲೇಟು ತುಂಬಿದ ಒಂದು ದೊಡ್ಡ ಲೇಖನವನ್ನು ಪ್ರತಿ ಓದುಗರಿಗೂ ಹೊಸದಾಗಿ ಬಿಡಿಸುತ್ತಾ ಕೂತರೆ ಕನ್ನಡ ವಿಕಿಪೀಡಿಯವೂ ತೆರೆಯಲಿಕ್ಕಿಲ್ಲ.

ಸ್ಯಾನಿಟೈಸ್ ಮಾಡೋದು ಬಿಟ್ರೆ ಇನ್ನೂ ಸ್ಪೀಡ್ ಆಗತ್ತಲ್ವಾ?

ಆಗುತ್ತದೆ. ಬಾಗಿಲು ತೆಗೆದಿಟ್ಟರೆ ಒಳಗೆ ಬರುವುದೂ ಬೇಗ. 2005ರ ಅಕ್ಟೋಬರಿನಲ್ಲಿ ಸಾಮಿ ಕಾಮ್ಕರ್ ಎಂಬಾತ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ತನ್ನ ಪ್ರೊಫೈಲಿನಲ್ಲಿ ಅಡಗಿಸಿಟ್ಟ ಸ್ಕ್ರಿಪ್ಟ್ ಒಂದು ದಿನ ಕಳೆಯುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರೊಫೈಲುಗಳಿಗೆ ಹಬ್ಬಿತು. ಜನರಿಗೆ ಪುಟ ಸಿಂಗರಿಸಿಕೊಳ್ಳಲು ಕೊಟ್ಟ ಸ್ವಾತಂತ್ರ್ಯದೊಳಗಿಂದಲೇ ಅದು ನುಸುಳಿದ್ದು. ಈ ಖರ್ಚನ್ನು ಲೆಕ್ಕದಿಂದ ಹೊರಗಿಡಿ. ಕ್ರಮ ಮಾತ್ರ ತಪ್ಪಬಾರದು: ಮೊದಲು ಪರಿವರ್ತನೆ, ಆಮೇಲೆ ಶುಚಿ. ಮಾರ್ಕ್‌ಡೌನ್ ಮೂಲವನ್ನು ಶುಚಿ ಮಾಡಿ ಆಮೇಲೆ ಪರಿವರ್ತಿಸಿದರೆ ಜಾವಾಸ್ಕ್ರಿಪ್ಟ್ ತುಂಬಿದ ಲಿಂಕುಗಳು ನಡುವೆ ಹುಟ್ಟಿಕೊಳ್ಳುತ್ತವೆ.

ಲೈವ್ ಪ್ರಿವ್ಯೂ ಹಾಕಿದ ಮೇಲೆ ಟೈಪಿಂಗ್ ಜಗ್ತಾ ಇದೆ. ಏನ್ಮಾಡ್ಲಿ?

60 ಹರ್ಟ್ಜ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. 50 ಮಿಲಿಸೆಕೆಂಡ್ ದಾಟಿದ ಕೆಲಸವನ್ನು ಬ್ರೌಸರೇ ‘ಲಾಂಗ್ ಟಾಸ್ಕ್’ ಎಂದು ಗುರುತು ಹಾಕುತ್ತದೆ. ಪ್ರತಿ ಅಕ್ಷರಕ್ಕೂ ಇಡೀ ಕಥೆಯನ್ನು ಪರಿವರ್ತಿಸಿ, ಶುಚಿ ಮಾಡಿ, ಪ್ರಿವ್ಯೂವನ್ನು ಪೂರ್ತಿ ಅಳಿಸಿ ಬರೆದರೆ ಹಳೆಯ ಫೋನಿನಲ್ಲಿ ಉದ್ದನೆಯ ಕಥೆ ಆ ಗೆರೆ ದಾಟಿಬಿಡಬಹುದು.

ಕೈ ನಿಂತು ಕಾಲು ಸೆಕೆಂಡ್ ಆದ ಮೇಲೆ ಒಮ್ಮೆ ಮಾಡಿ, ಬೇಕಾದಷ್ಟಾಯಿತು. ಅದೂ ಸಾಲದಿದ್ದರೆ ಬದಲಾದ ಪ್ಯಾರಾ ಒಂದನ್ನೇ ಪರಿವರ್ತಿಸಿ. ಬರಹವನ್ನು ಬಿಡಿಸಿ ಓದುವ ಕೆಲಸವನ್ನು (ಪಾರ್ಸಿಂಗ್) ಹಿನ್ನೆಲೆಯಲ್ಲಿ ಓಡುವ ವೆಬ್ ವರ್ಕರ್‌ಗೆ ಸಾಗಿಸಬಹುದು. ಆದರೆ ವರ್ಕರ್‌ನಲ್ಲಿ ಡಾಮ್ (ಬ್ರೌಸರ್ ಇಟ್ಟುಕೊಳ್ಳುವ ಪುಟದ ಒಳರಚನೆ) ಇರುವುದಿಲ್ಲ, ಹಾಗಾಗಿ ಶುಚಿ ಮಾಡುವ ಡಾಮ್‌ಪ್ಯೂರಿಫೈ ಲೈಬ್ರರಿ ಅಲ್ಲಿ ನಡೆಯುವುದಿಲ್ಲ, ಶುಚಿ ಮಾಡುವ ಭಾಗ ಮುಖ್ಯ ಥ್ರೆಡ್‌ನಲ್ಲೇ ಉಳಿಯುತ್ತದೆ. ನನ್ನನ್ನು ಕೇಳಿದರೆ ಲೈವ್ ಪ್ರಿವ್ಯೂವನ್ನೇ ತೆಗೆದು ‘ಹೇಗೆ ಕಾಣುತ್ತದೆ ನೋಡಿ’ ಎಂಬ ಬಟನ್ ಇಡಿ. ಫೋನಿನ ಅಷ್ಟಗಲದ ಪರದೆಯಲ್ಲಿ ಪ್ರಿವ್ಯೂ ಹೇಗೂ ಕೀಲಿಮಣೆಯ ಹಿಂದೆ ಅಡಗಿರುತ್ತದೆ.

## ಕನ್ನಡದ್ದೇ ಆದ ತೊಡಕುಗಳು

ಇಂಗ್ಲಿಷಿಗಿಂತ ಕನ್ನಡ ಬರಹ ಜಾಸ್ತಿ ಜಾಗ ತಿನ್ನತ್ತೆ ಅಂತಾರೆ, ಹೌದಾ?

ಹೌದು. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3. ‘ಸ್ತ್ರೀ’ ನಮಗೆ ಒಂದಕ್ಷರ, ಕಂಪ್ಯೂಟರಿಗೆ ಆರು ಸಂಕೇತ, 18 ಬೈಟ್. ಮೈಎಸ್‌ಕ್ಯುಎಲ್ ಡೇಟಾಬೇಸಿನ ಟೆಕ್ಸ್ಟ್ ಕಾಲಂ ಹಿಡಿಯುವುದು 65,535 ಬೈಟ್. ಕನ್ನಡದಲ್ಲಿ ಅದು 21,845 ಸಂಕೇತಕ್ಕೆ ತುಂಬಿಹೋಗುತ್ತದೆ. ಉದ್ದನೆಯ ಕಥೆಯ ಬಾಲ ಕತ್ತರಿಸಿ ಹೋದದ್ದನ್ನು ಓದುಗರು ಹೇಳಿದ ಮೇಲೆ ತಿಳಿಯುವುದಕ್ಕಿಂತ ಮೊದಲೇ ಕಾಲಂ ಅನ್ನು ಅದಕ್ಕಿಂತ ದೊಡ್ಡದಾದ ಮೀಡಿಯಂಟೆಕ್ಸ್ಟ್ ಮಾಡಿಕೊಳ್ಳಿ.

ಯಾರೂ ಗಮನಿಸದ ಇನ್ನೊಂದು ಸೋರಿಕೆ ಜೇಸನ್ ಎಂಬ, ಡೇಟಾ ಬರೆದಿಡುವ ವಿಧಾನದಲ್ಲಿದೆ. ಕ್ವಿಲ್, ಪ್ರೋಸ್‌ಮಿರರ್ ತಮ್ಮ ಬರಹವನ್ನು ಜೇಸನ್ ಆಗಿ ಕೊಡುತ್ತವೆ. ಸರ್ವರ್‌ನಲ್ಲಿ ಪಿಎಚ್‌ಪಿ ಅಥವಾ ಪೈಥಾನ್ ಇದ್ದರೆ, ಅವುಗಳ ಜೇಸನ್ ಬರೆಯುವ ಫಂಕ್ಷನ್ ಏನೂ ಹೇಳದಿದ್ದಾಗ ಕನ್ನಡದ ಪ್ರತಿ ಸಂಕೇತವನ್ನೂ ಹಿಂಗೆರೆ, ಯು, ನಾಲ್ಕು ಅಂಕಿಯಾಗಿ ಬಿಡಿಸಿ ಬರೆಯುತ್ತದೆ: 3 ಬೈಟ್ ಇದ್ದದ್ದು 6. ಒಂದು ಆಯ್ಕೆ ಬದಲಿಸಿದರೆ ಕನ್ನಡ ಪಠ್ಯ ಹಿಡಿಯುವ ಜಾಗ ಅರ್ಧಕ್ಕೆ ಇಳಿಯುತ್ತದೆ. ಟ್ಯಾಗುಗಳ ಹೊರೆಯ ಬಗ್ಗೆ ಮಾತ್ರ ಚಿಂತೆ ಬೇಡ; ಅವು ಒಂದೊಂದು ಬೈಟಿನ ಅಕ್ಷರಗಳು, ನಮ್ಮ ಪಠ್ಯದ ಪಕ್ಕದಲ್ಲಿ ಅವುಗಳ ಪಾಲು ಇಂಗ್ಲಿಷ್ ಪುಟದಲ್ಲಿರುವುದಕ್ಕಿಂತ ಕಡಿಮೆ. ಸಾಗಿಸುವಾಗ ಜಿಜಿಪ್ ಅಥವಾ ಬ್ರೋಟ್ಲಿ ಕನ್ನಡವನ್ನು ಚೆನ್ನಾಗಿಯೇ ಹಿಂಡುತ್ತವೆ, ಏಕೆಂದರೆ ಆ ಮೂರು ಬೈಟಿನಲ್ಲಿ ಮೊದಲನೆಯದು ಯಾವಾಗಲೂ ಒಂದೇ.

ಬೋಲ್ಡ್‌ಗೋಸ್ಕರ ಇನ್ನೊಂದು ಫಾಂಟ್ ಫೈಲ್ ಇಳಿಸ್ಲೇಬೇಕಾ?

ಇಳಿಸದಿದ್ದರೆ ಬ್ರೌಸರ್ ಇರುವ ಅಕ್ಷರಕ್ಕೇ ಮಸಿ ಬಳಿದಂತೆ ದಪ್ಪ ಮಾಡುತ್ತದೆ. ಇಂಗ್ಲಿಷಿನಲ್ಲಿ ಹೇಗೋ ನಡೆಯುತ್ತದೆ. ಕನ್ನಡದಲ್ಲಿ ತಲೆಕಟ್ಟಿನ ಕೆಳಗಿನ ಸಂದು, ಒತ್ತಕ್ಷರದ ಸಣ್ಣ ಸುಳಿ ಎಲ್ಲ ತುಂಬಿಕೊಂಡು ‘ಪ’ ಯಾವುದು ‘ಷ’ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. ನೋಟೋ ಸ್ಯಾನ್ಸ್ ಕನ್ನಡದಂತಹ ವೇರಿಯಬಲ್ ಫಾಂಟಿನಲ್ಲಿ ಒಂದೇ ಫೈಲಿನೊಳಗೆ 100ರಿಂದ 900ರವರೆಗಿನ ದಪ್ಪವೆಲ್ಲ ಇರುತ್ತದೆ. ಎರಡು ಬಿಡಿ ಫೈಲು ಹಗುರವೋ ಒಂದು ವೇರಿಯಬಲ್ ಹಗುರವೋ ಎಂದು ಅಳೆದು ಆರಿಸಿ. ಫಾಂಟ್ ಕತ್ತರಿಸಿ ಚಿಕ್ಕದು ಮಾಡುವವರು ಸಂಕೇತಗಳ ಪಟ್ಟಿ ಮಾತ್ರ ನೋಡದೆ ಜಿಸಬ್, ಜಿಪಾಸ್ ಕೋಷ್ಟಕಗಳನ್ನೂ ಉಳಿಸಬೇಕು. ಒತ್ತು, ದೀರ್ಘಗಳು ಕೂರುವ ಜಾಗ ಅವುಗಳಲ್ಲಿದೆ.

ಇಟಾಲಿಕ್? ಕನ್ನಡ ಮುದ್ರಣದಲ್ಲಿ ಅದಕ್ಕೆ ಅಂತಹ ಪರಂಪರೆ ಇಲ್ಲ, ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಆ ರೂಪವೂ ಇಲ್ಲ. ಬ್ರೌಸರ್ ಅಕ್ಷರವನ್ನು ಸುಮ್ಮನೆ ವಾಲಿಸುತ್ತದೆ. ನಾವು ಆ ಬಟನ್ ತೆಗೆದುಹಾಕಿದೆವು.

ಹುಡುಕಿದ ಪದಕ್ಕೆ ಹಳದಿ ಬಣ್ಣ ಹಾಕಿದ್ರೆ ಒತ್ತಕ್ಷರ ಒಡೆದು ಹೋಗ್ತಿದೆ, ಯಾಕೆ?

ಅಕ್ಷರದ ನಡುವೆ ಟ್ಯಾಗ್ ಕೂತಿದೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಅದು ಒಂದೇ ಫಾಂಟಿನ ತುಣುಕುಗಳನ್ನು ತೆಗೆದುಕೊಂಡು ಜೋಡಿಸುತ್ತದೆ. ನಡುವೆ ದಪ್ಪ ಬದಲಾದರೆ ಫಾಂಟೇ ಬೇರೆಯಾಗಿ ‘ಸ್ತ್ರೀ’ ಎಂಬುದು ‘ಸ್’ ಮತ್ತು ‘ತ್ರೀ’ ಎಂದು ಎರಡಾಗುತ್ತದೆ. ಟ್ಯಾಗ್ ಹಲಂತಕ್ಕೂ ಮೊದಲೇ ಕೂತರೆ ಚುಕ್ಕಿಯ ವೃತ್ತ ಕಾಣುತ್ತದೆ. ಬರೀ ಬಣ್ಣವಾದರೆ ಕೆಲವು ಬ್ರೌಸರುಗಳು ಸಂಭಾಳಿಸುತ್ತವೆ, ಅದನ್ನೇ ನಂಬಿ ಕೂರಬೇಡಿ. ಟ್ಯಾಗಿನ ಎರಡು ತುದಿಯನ್ನೂ ಅಕ್ಷರದ ಗಡಿಗೆ ಸರಿಸಿ. ಪಠ್ಯವನ್ನು ಅಕ್ಷರಗಳಾಗಿ ಬಿಡಿಸಿಕೊಡುವ, ಜಾವಾಸ್ಕ್ರಿಪ್ಟಿನ ಇಂಟ್ಲ್ ಸೆಗ್ಮೆಂಟರ್ ಕನ್ನಡದ ಒತ್ತಕ್ಷರವನ್ನು ಒಂದೇ ಎಂದು ಎಣಿಸದಿರಬಹುದು. ಹಲಂತದ ನಂತರ ವ್ಯಂಜನ ಬಂದರೆ ಕತ್ತರಿಸಬೇಡ ಎಂಬ ಒಂದು ಸಾಲನ್ನು ನೀವೇ ಸೇರಿಸಿ. ಬ್ರೌಸರ್ ಹೊಸದಿದ್ದರೆ ಕಸ್ಟಮ್ ಹೈಲೈಟ್ ಎಪಿಐ ಬಳಸಿ: ಡಾಮ್ ಮುಟ್ಟದೆ ಬಣ್ಣ ಹಾಕುತ್ತದೆ, ನೂರಾರು ಹೊಸ ನೋಡ್ ಹುಟ್ಟುವ ಖರ್ಚೂ ಉಳಿಯುತ್ತದೆ.

ಫೋನಲ್ಲಿ ಕನ್ನಡ ಟೈಪ್ ಮಾಡುವಾಗ ಅಕ್ಷರ ಎರಡೆರಡು ಸಲ ಬೀಳತ್ತೆ, ಇಲ್ಲಾ ಕರ್ಸರ್ ಹಾರತ್ತೆ. ಇಂಗ್ಲಿಷಲ್ಲಿ ಸರಿ ಇದೆ.

ಕೀಲಿಮಣೆ ಒಂದು ಪದವನ್ನು ಕಟ್ಟುತ್ತಿರುವಾಗಲೇ ನಿಮ್ಮ ಎಡಿಟರ್ ಆ ಜಾಗವನ್ನು ಅಳಿಸಿ ಬರೆಯುತ್ತಿದೆ. ಹಾಗೆ ಕಟ್ಟಲು ಶುರುವಾಯಿತು ಎಂಬ ಕಾಂಪೊಸಿಷನ್‌ಸ್ಟಾರ್ಟ್ ಘಟನೆ ಬಂದ ಮೇಲೆ, ಮುಗಿಯಿತು ಎಂಬ ಕಾಂಪೊಸಿಷನ್‌ಎಂಡ್ ಬರುವವರೆಗೆ ಆ ಪ್ಯಾರಾವನ್ನು ಮುಟ್ಟಬಾರದು: ಫಾರ್ಮ್ಯಾಟಿಂಗ್, ಅಕ್ಷರಗಳ ಎಣಿಕೆ, ಆಟೋಸೇವ್ ಎಲ್ಲವೂ ಕಾಯಲಿ. ಆಂಡ್ರಾಯ್ಡ್‌ನಲ್ಲಿ ಕೀಡೌನ್ ಘಟನೆ ಕೇಳಿಕೊಂಡು ಬರೆದ ಶಾರ್ಟ್‌ಕಟ್‌ಗಳೂ ದಕ್ಕುವುದಿಲ್ಲ, ಅಲ್ಲಿ ಯಾವ ಕೀ ಒತ್ತಿದರೂ ಬಹುತೇಕ 229 ಎಂಬ ಒಂದೇ ಅಂಕಿ ಬರುತ್ತದೆ. ಲೈಬ್ರರಿ ಆರಿಸುವ ಮೊದಲು ಅದರ ಡೆಮೊ ಪುಟವನ್ನು ಫೋನಿನಲ್ಲಿ ತೆರೆದು ‘ಕೃಷ್ಣರಾಜ ಒಡೆಯರ್’ ಎಂದು ಬರೆದು, ನಡುವಿಗೆ ಹೋಗಿ ಒಂದಕ್ಷರ ಅಳಿಸಿ ನೋಡಿ. ನಾವು ಎರಡು ಹೆಸರಾಂತ ಎಡಿಟರುಗಳನ್ನು ಈ ಒಂದೇ ಪರೀಕ್ಷೆಯಲ್ಲಿ ಕೈಬಿಟ್ಟೆವು.

ವರ್ಡ್, ನುಡಿ, ಬರಹದಿಂದ ಪೇಸ್ಟ್ ಮಾಡಿದ್ರೆ ಪುಟ ಯಾಕೆ ಅಷ್ಟು ಭಾರ ಆಗತ್ತೆ?

ವರ್ಡ್ ತನ್ನ ಶೈಲಿಯ ಕಂತೆಯನ್ನೆಲ್ಲ ಹೊತ್ತು ತರುತ್ತದೆ. ಪೇಸ್ಟ್ ಆಗುವಾಗಲೇ ನಿಮಗೆ ಬೇಕಾದ ಐದಾರು ಟ್ಯಾಗ್ ಬಿಟ್ಟು ಉಳಿದದ್ದನ್ನು ಉದುರಿಸಿ. ಚಿತ್ರಗಳ ಮೇಲೆ ಕಣ್ಣಿಡಿ: ಬೇಸ್64 ಆಗಿ ಬರಹದೊಳಗೇ ಕೂತ ಚಿತ್ರ ಮೂಲಕ್ಕಿಂತ ಮೂರನೇ ಒಂದರಷ್ಟು ಹಿಗ್ಗುತ್ತದೆ, ಬೇರೆಯಾಗಿ ಕ್ಯಾಶ್ ಆಗುವುದಿಲ್ಲ, ಪ್ರತಿ ಆಟೋಸೇವ್‌ನಲ್ಲೂ ಸರ್ವರಿಗೆ ಹೋಗಿ ಬರುತ್ತದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಕಡತಗಳ ಕಥೆ ಬೇರೆ. ಅಲ್ಲಿ ಕನ್ನಡದಂತೆ ಕಾಣುವುದು ಒಳಗೆ ಇಂಗ್ಲಿಷ್ ಅಕ್ಷರ. ಕನ್ನಡವೆಂದು ಹೇಳುವುದು ಫಾಂಟಿನ ಹೆಸರೊಂದೇ. ಶುಚಿ ಮಾಡುವ ಹುಮ್ಮಸ್ಸಿನಲ್ಲಿ ಫಾಂಟ್ ಹೆಸರು ಕಿತ್ತರೆ ಉಳಿಯುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಆದ್ದರಿಂದ ಮೊದಲು ಫಾಂಟ್ ಹೆಸರು ನೋಡಿ, ಹಳೆಯದಾದರೆ ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಕಿತ್ತುಹಾಕಿ.

## ಆಳಕ್ಕೆ ಇಳಿದವರು ಕೇಳುವವು

ಇಷ್ಟಕ್ಕೆಲ್ಲ ಲೈಬ್ರರಿ ಯಾಕೆ? ನಾಲ್ಕು ರೆಜೆಕ್ಸ್ ನಾವೇ ಬರೆದ್ರೆ ಹಗುರ ಅಲ್ವಾ?

ರೆಜೆಕ್ಸ್, ಅಂದರೆ ಅಕ್ಷರಗಳ ಮಾದರಿ ಹುಡುಕುವ ಸೂತ್ರ, ಹಗುರ ಹೌದು, ಜಾರುವುದೂ ಬೇಗ. 2016ರ ಜುಲೈ 20ರಂದು ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ನಿಂತುಹೋಯಿತು. ಕಾರಣ, ಸಾಲಿನ ಹಿಂದುಮುಂದಿನ ಖಾಲಿ ಜಾಗ ಕತ್ತರಿಸುವ ಒಂದು ಪುಟ್ಟ ರೆಜೆಕ್ಸ್. ಯಾರದೋ ಪೋಸ್ಟ್‌ನ ಒಂದು ಸಾಲಿನ ನಡುವೆ ಸುಮಾರು 20,000 ಖಾಲಿ ಅಕ್ಷರಗಳಿದ್ದವು. ರೆಜೆಕ್ಸ್ ಮೊದಲ ಖಾಲಿಯಿಂದ ಹೊರಟು ಕೊನೆಯವರೆಗೆ ಹೋಗಿ, ಸಾಲು ಅಲ್ಲಿ ಮುಗಿಯಲಿಲ್ಲವೆಂದು ತಿಳಿದು, ಎರಡನೆಯ ಖಾಲಿಯಿಂದ ಮತ್ತೆ ಹೊರಡುತ್ತಿತ್ತು. ಹೀಗೆ ಸುಮಾರು 20 ಕೋಟಿ ಹೆಜ್ಜೆ. ಆ ಪೋಸ್ಟ್ ಮುಖಪುಟದ ಪಟ್ಟಿಯಲ್ಲಿತ್ತು. ಸರ್ವರ್ ಬದುಕಿದೆಯೇ ಎಂದು, ಸರ್ವರುಗಳಿಗೆ ಕೆಲಸ ಹಂಚುವ ಲೋಡ್ ಬ್ಯಾಲೆನ್ಸರ್ ತಟ್ಟಿ ನೋಡುತ್ತಿದ್ದದ್ದೂ ಅದೇ ಮುಖಪುಟವನ್ನು. ಹಾಗಾಗಿ ಇಡೀ ತಾಣವೇ ಬಿತ್ತು.

ಆ ರೆಜೆಕ್ಸ್ ಹುಡುಕುತ್ತಿದ್ದ ಅಕ್ಷರಗಳಲ್ಲಿ ‘ಅಕ್ಷರಗಳನ್ನು ಜೋಡಿಸಬೇಡ’ ಎಂದು ಹೇಳುವ, ಕಣ್ಣಿಗೆ ಕಾಣದ ಚಿಹ್ನೆಯೂ ಇತ್ತು. ನಮಗೆ ಅದು ದಿನಬಳಕೆಯದು; ಈ ಪುಟದಲ್ಲಿ ‘ಮಾರ್ಕ್‌ಡೌನ್’ ಎಂದು ಬರೆದಲ್ಲೆಲ್ಲ ಕ ಮತ್ತು ಡ ಅಂಟದಂತೆ ತಡೆದಿರುವುದು ಅದೇ. ಕಾಣದ ಅಕ್ಷರಗಳನ್ನೆಲ್ಲ ಅಳಿಸುವ ರೆಜೆಕ್ಸನ್ನು ಎಲ್ಲಿಂದಲೋ ತಂದು ಹಾಕಿದರೆ ‘ರಾಜ್‌ಕುಮಾರ್’ ಅವರು ‘ರಾಜ್ಕುಮಾರ್’ ಆಗಿಬಿಡುತ್ತಾರೆ. ಬರೆದೇ ತೀರುತ್ತೇನೆ ಎನ್ನುವವರು ಬರಹದ ಉದ್ದಕ್ಕೆ ಮಿತಿ ಹಾಕಿ, ಪರಿವರ್ತನೆಗೆ ಸಮಯದ ಮಿತಿ ಹಾಕಿ, ಒಂದು ಲಕ್ಷ ಖಾಲಿ ಅಕ್ಷರ ಮತ್ತು ಒಂದು ಲಕ್ಷ ನಕ್ಷತ್ರ ಕೊಟ್ಟು ಪರೀಕ್ಷಿಸಿ.

ಇಡೀ ಕಾದಂಬರಿ ಒಂದೇ ಪುಟದಲ್ಲಿದೆ. ಸ್ಕ್ರೋಲ್ ಮಾಡಿದ್ರೆ ತಡವರಿಸತ್ತೆ.

ಅಧ್ಯಾಯಗಳಿಗೆ ಸಿಎಸ್‌ಎಸ್‌ನ ಕಂಟೆಂಟ್-ವಿಸಿಬಿಲಿಟಿಯನ್ನು ಆಟೋ ಮಾಡಿ, ಜೊತೆಗೆ ಅಂದಾಜು ಎತ್ತರ ಕೊಡಿ. ಪರದೆಯಾಚೆಯ ಅಧ್ಯಾಯಗಳ ಅಕ್ಷರ ಜೋಡಣೆಯನ್ನು ಬ್ರೌಸರ್ ಮುಂದೂಡುತ್ತದೆ. ಪುಟದೊಳಗೆ ಹುಡುಕುವುದೂ ಕೆಲಸ ಮಾಡುತ್ತದೆ. ಜಾವಾಸ್ಕ್ರಿಪ್ಟ್‌ನಿಂದ ಅಧ್ಯಾಯಗಳನ್ನು ತೆಗೆದು ಹಾಕುವ ಸರ್ಕಸ್ಸಿಗೆ ಕೈ ಹಾಕಿದರೆ ಆ ಹುಡುಕಾಟ ಕೈತಪ್ಪುತ್ತದೆ.

ಕೊನೆಗೆ, ಇದನ್ನೆಲ್ಲ ಅಳೆಯೋದು ಹೇಗೆ? ನನ್ನ ಲ್ಯಾಪ್‌ಟಾಪಲ್ಲಿ ಎಲ್ಲಾ ಜುಮ್ ಅಂತ ಓಡ್ತಿದೆ.

ಅದಕ್ಕೇ ಲ್ಯಾಪ್‌ಟಾಪನ್ನು ನಂಬಬಾರದು. ಕ್ರೋಮ್ ಡೆವ್‌ಟೂಲ್ಸ್‌ನ ಪರ್ಫಾರ್ಮೆನ್ಸ್ ಫಲಕದಲ್ಲಿ ಸಿಪಿಯು ವೇಗವನ್ನು ನಾಲ್ಕು ಪಟ್ಟು, ಆರು ಪಟ್ಟು ಇಳಿಸಿ ಟೈಪ್ ಮಾಡಿ ನೋಡಿ. ನಿಜವಾದ ಬಳಕೆದಾರರಿಂದ ಐಎನ್‌ಪಿ ಸಂಗ್ರಹಿಸಿ. ಒತ್ತಿದ್ದಕ್ಕೂ ಪರದೆ ಬದಲಾಗಿದ್ದಕ್ಕೂ ನಡುವಿನ ಹೊತ್ತು ಅದು, 2024ರ ಮಾರ್ಚ್‌ನಿಂದ ಗೂಗಲ್‌ನ ಕೋರ್ ವೆಬ್ ವೈಟಲ್ಸ್ ಎಂಬ ಅಳತೆಗಳಲ್ಲಿ ಮೊದಲಿದ್ದ ಎಫ್‌ಐಡಿಯ ಜಾಗಕ್ಕೆ ಬಂದಿದೆ. ನೂರರಲ್ಲಿ ಎಪ್ಪತ್ತೈದು ಭೇಟಿಗಳಲ್ಲಿ 200 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದೆಂದು ಲೆಕ್ಕ. ಬರೆಯುವ ಪುಟ, ಓದುವ ಪುಟಗಳ ಅಂಕಿಗಳನ್ನು ಬೇರೆಬೇರೆಯಾಗಿ ಇಡಿ. ಓದುವವರ ಸಂಖ್ಯೆ ಎಷ್ಟು ದೊಡ್ಡದೆಂದರೆ ಎರಡನ್ನೂ ಕಲಸಿದಾಗ ಬರೆಯುವವರ ನರಳಾಟ ಸರಾಸರಿಯಲ್ಲಿ ಕಾಣುವುದೇ ಇಲ್ಲ.

ನಮ್ಮಲ್ಲಿ ಇದರ ಜೊತೆಗೆ ಒಂದು ಹಳೆಯ ಫೋನ್ ಇದೆ. ಪರದೆಯ ಮೂಲೆ ಒಡೆದಿದೆ, ಮೆಮೊರಿ ಯಾವಾಗಲೂ ಭರ್ತಿ. ಹೊಸ ಬಟನ್ ಬೇಕೆಂದವರು ಮೊದಲು ಆ ಫೋನಿನಲ್ಲಿ, ಕನ್ನಡ ಕೀಲಿಮಣೆಯಲ್ಲಿ ಒಂದು ಪುಟ ಬರೆದು ತೋರಿಸಬೇಕು. ಕೋಷ್ಟಕ ಸೇರಿಸುವ ಬಟನ್ನಿಗೆ ಹಟ ಹಿಡಿದಿದ್ದ ನಮ್ಮ ಹುಡುಗ ಮೂರನೇ ಸಾಲಿಗೆ ಫೋನ್ ಕೆಳಗಿಟ್ಟ. ಆ ಬಟನ್ ಇನ್ನೂ ಬಂದಿಲ್ಲ.